ಪಾರಿವಾಳದ ಕಡೆಯ ತಂತಿಗಳು

ಹೋದ ತಿಂಗಳು ಸಿಡ್ನಿಯ ಪೆಂಡಲ್ ಹಿಲ್‌ನ ಅಂಗಡಿಯಲ್ಲಿ ಜೋಳದ ಹಿಟ್ಟಿನ ಚೀಲ ಹಿಡಿದು ಸಾಲಿನಲ್ಲಿ ನಿಂತಿದ್ದೆ. ಹಿಂದೆ ನಿಂತಿದ್ದ ಬೆಳಗಾವಿಯ ಹುಡುಗಿಯೊಬ್ಬಳು, "ಅಂಕಲ್, ರೇಡಿಯೋ ಟವರ್ ಕೆಡವೋ ಕೆಲಸ ಮಾಡ್ತಿದ್ದವ್ರು ನೀವ ಅಲ್ರೀ?" ಎಂದು ಕೇಳಿದಳು. ಅವಳಿಗೆ ಮೆಲ್ಬರ್ನ್‌ನಲ್ಲಿ ಅಂಥದೇ ಕಂಪನಿಯೊಂದರಲ್ಲಿ ಇಂಜಿನಿಯರ್ ಕೆಲಸ ಸಿಕ್ಕಿತ್ತಂತೆ. ಹೋಗುವ ಮೊದಲು ಏನು ಓದಿಕೊಳ್ಳಬೇಕು ಎಂದಳು. ಅದಕ್ಕೆ ಪುಸ್ತಕ ಎಲ್ಲಿದೆ ತಾಯಿ, ಎಂದು ನಗಾಡಿ ಬಂದುಬಿಟ್ಟೆ. ಮನೆಗೆ ಬಂದು ರೊಟ್ಟಿ ಮುರಿಯುವಾಗ ಮನಸ್ಸಿಗೆ ಕಸಿವಿಸಿಯಾಯಿತು. ಕೇಳಿದವಳು ಗಂಭೀರವಾಗಿಯೇ ಕೇಳಿದ್ದಳು, ನಾನು ಮುದುಕರು ಹಾರಿಸುವ ಹಾಗೆ ಮಾತು ಹಾರಿಸಿದ್ದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಹುಬ್ಬಳ್ಳಿಯವನು. ಮೊದಲು ಊರ ಕಡೆಯೇ ರಸ್ತೆ, ಸೇತುವೆ ಅಂತ ಕೆಲಸ ಮಾಡಿ, ಆಮೇಲೆ ಮೊಬೈಲ್ ಟವರ್ ನಿಲ್ಲಿಸುವ ಕಂಪನಿ ಸೇರಿ, ಅಲ್ಲಿಂದ ಈ ದೇಶಕ್ಕೆ ಬಂದೆ. ನಿಲ್ಲಿಸುವುದನ್ನು ಕಲಿತವನಿಗೆ ಇಲ್ಲಿ ಸಿಕ್ಕಿದ್ದು ಕೆಡವುವ ಕೆಲಸ. ಯಾವಾಗ ಸೀನಿಯರ್ ಆದೆ, ಯಾರು ಹಾರ ಹಾಕಿದರು ಎನ್ನುವುದನ್ನೆಲ್ಲ ಬರೆಯುವುದಿಲ್ಲ. ಅದರಿಂದ ಯಾರಿಗೂ ಏನೂ ಆಗಬೇಕಾದ್ದಿಲ್ಲ.

ಹಳೆಯ ರೇಡಿಯೋ ಟವರ್ ಎಂದರೆ ಮೊಬೈಲ್ ಟವರಿನಂಥದ್ದಲ್ಲ. ಮೂವತ್ತು ನಲವತ್ತು ಮಹಡಿಯ ಎತ್ತರ. ಆದರೆ ಮನೆಬಾಗಿಲಿನಷ್ಟೇ ಅಗಲ. ಬುಡದಲ್ಲಿ ಒಂದು ಪಿಂಗಾಣಿ ದಿಮ್ಮಿ, ಅದರ ಮೇಲೆ ಇಡೀ ಟವರ್ ಒಂಟಿಕಾಲಲ್ಲಿ ನಿಂತಿರುತ್ತದೆ. ಬೀಳದಂತೆ ಹಿಡಿದಿರುವುದು ಸ್ಟೇ ವೈರ್‌ಗಳು. ನಮ್ಮಲ್ಲಿ ಲೈಟ್ ಕಂಬಕ್ಕೆ ಕಟ್ಟಿರುತ್ತಾರಲ್ಲ, ಅದೇ, ಆದರೆ ತೋಳಿನ ದಪ್ಪ. ಆ ತಂತಿಗಳು ದೂರದಲ್ಲಿ ನೆಲದೊಳಗೆ ಹೂತ ಕಾಂಕ್ರೀಟ್ ಕಟ್ಟೆಗಳಿಗೆ ಬಿಗಿದಿರುತ್ತವೆ. ಟವರ್ ನಿಲ್ಲಿಸಿದ ಕಾಲಕ್ಕೆ ಸುತ್ತ ಬರೀ ಜವುಗು, ದನ ಮೇಯುವ ಹುಲ್ಲು. ಆಮೇಲೆ ಊರು ಬೆಳೆದು ಮನೆಗಳು ತಂತಿಯ ತುದಿಯವರೆಗೂ ಬಂದವು. ರೇಡಿಯೋದವರು ಹೊಸ ಯಂತ್ರಕ್ಕೆ ಹೋದರು, ಟವರ್ ಅಲ್ಲೇ ಉಳಿಯಿತು. ಅದನ್ನು ಯಾರ ಹೆಂಚೂ ಒಡೆಯದಂತೆ ಕೆಳಗಿಳಿಸುವುದು ನಮ್ಮ ಕೆಲಸ.

ಮೊದಲ ವರ್ಷ ಮೆಲ್ಬರ್ನ್‌ನ ಪಶ್ಚಿಮದ ಒಂದು ಸಬರ್ಬ್‌ನಲ್ಲಿದ್ದೆ. ನೆವಿಲ್ ಎನ್ನುವವರು ನಮ್ಮ ಮೇಲಿನವರು. ಅರವತ್ತರ ಹತ್ತಿರ ವಯಸ್ಸು, ಸಣ್ಣ ದೇಹ, ಮಾತು ಅಳೆದು ತೂಗಿ. ಇಲ್ಲಿ ಎಲ್ಲರೂ ಹೆಸರು ಹಿಡಿದೇ ಕರೆಯುತ್ತಾರೆ. ನನ್ನ ನಾಲಿಗೆ ಒಪ್ಪಲಿಲ್ಲ, ಸರ್ ಎನ್ನುತ್ತಿದ್ದೆ. ಹುಡುಗರು ನಗುತ್ತಿದ್ದರು. ಅವರು ಮಾತ್ರ ನಗಲಿಲ್ಲ, ಬೇಡ ಎನ್ನಲೂ ಇಲ್ಲ.

ಆ ಬೀದಿಯ ಜನ ಟವರಿನ ಬಗ್ಗೆ ಹೇಳುತ್ತಿದ್ದ ಕಥೆ ಕೇಳಬೇಕು. ಟವರ್ ಕೆಲಸ ಮಾಡುತ್ತಿದ್ದಾಗ ತುಕ್ಕು ಹಿಡಿದ ತಂತಿಬೇಲಿಗೆ ಕಿವಿ ಕೊಟ್ಟರೆ ವಾರ್ತೆ ಕೇಳಿಸುತ್ತಿತ್ತಂತೆ. ಒಬ್ಬಾಕೆಯ ಮನೆಯಲ್ಲಿ ಮಳೆನೀರಿನ ಪೈಪು ಕುದುರೆ ರೇಸಿನ ಫಲಿತಾಂಶ ಹೇಳುತ್ತಿತ್ತಂತೆ. ನಾನು ನಂಬದೆ ನೆವಿಲ್‌ರನ್ನು ಕೇಳಿದೆ. ನಿಜ, ತುಕ್ಕಿನ ಕೀಲು ರೇಡಿಯೋದ ಕೆಲಸ ಮಾಡಬಲ್ಲದು ಎಂದರು.

ಅಲ್ಲಿ ಮನೆಗಳು ತೀರ ಹತ್ತಿರ, ಟವರನ್ನು ಉರುಳಿಸುವ ಹಾಗಿರಲಿಲ್ಲ. ದೊಡ್ಡ ಕ್ರೇನ್ ತಂದು, ತುದಿಯಿಂದ ಒಂದೊಂದೇ ತುಂಡು ಕತ್ತರಿಸಿ ಇಳಿಸಿದೆವು. ಹಳೆಯ ಬಣ್ಣದಲ್ಲಿ ಸೀಸವಿತ್ತು, ಹೊಟ್ಟೆಗೆ ಹೋದರೆ ವಿಷ. ಕತ್ತರಿಸುವ ಕಡೆ ಬಟ್ಟೆ ಸುತ್ತಿ ಕಟ್ಟಬೇಕು. ಒಂದು ದಿನ ನಾನು ಸರಿಯಾಗಿ ನೋಡಲಿಲ್ಲ, ಗಾಳಿ ಬೀಸಿ ಬಣ್ಣದ ಹಕ್ಕಳೆಗಳು ಬೇಲಿಯಾಚೆ ಒಬ್ಬರ ಬೀನ್ಸ್ ಪಾತಿಯ ಮೇಲೆ ಬಿದ್ದವು. ನೀರು ಹಾಕಿ ತೊಳೆದರಾಯಿತು ಎಂದೆ. ನೆವಿಲ್ ಒಂದು ಚಿಮಟ, ಒಂದು ಬಕೆಟ್ ತಂದು ನನ್ನ ಕೈಗಿಟ್ಟರು, ಇನ್ನೊಂದು ಚಿಮಟ ತಾವು ಹಿಡಿದರು. ಇಬ್ಬರೂ ಮಧ್ಯಾಹ್ನವಿಡೀ ಮಂಡಿಯೂರಿ ಹಕ್ಕಳೆ ಆರಿಸಿದೆವು. ಮರುದಿನ ಪಾತಿಯ ಮಣ್ಣನ್ನೂ ಬದಲಾಯಿಸಿದೆವು. ಬೈಗುಳ ಒಂದೂ ಇಲ್ಲ. ನನಗೆ ಬೈದಿದ್ದರೇ ವಾಸಿ ಅನ್ನಿಸಿತ್ತು.

ಎರಡನೆಯ ವರ್ಷ ಕಂಪನಿ ನಮ್ಮನ್ನು ಸಿಡ್ನಿಗೆ ಕಳಿಸಿತು. ನೆವಿಲ್ ಚಾಟ್ಸ್‌ವುಡ್‌ನ ಆಫೀಸಿನಲ್ಲಿ ಕೂತರು, ನಾನೂ ಹೆಂಡತಿ ಸುಮಿತ್ರಾಳೂ ಎಪ್ಪಿಂಗ್‌ನಲ್ಲಿ ಒಂದು ಸಣ್ಣ ಫ್ಲಾಟ್ ರೆಂಟ್‌ಗೆ ಹಿಡಿದೆವು. ಅವಳಿಗೆ ಆಗ ಆರು ತಿಂಗಳು. ನನ್ನ ವೀಸಾ ಕಂಪನಿಯ ಹೆಸರಿನಲ್ಲಿತ್ತು. ಕೆಲಸ ಹೋದರೆ ಗಂಟುಮೂಟೆ ಕಟ್ಟಬೇಕು. ಪಿಆರ್‌ಗೆ, ಅಂದರೆ ಇಲ್ಲೇ ಕಾಯಂ ನೆಲೆಸುವ ಪರವಾನಗಿಗೆ, ಕಂಪನಿಯವರು ಕಾಗದ ಕೊಡುತ್ತೇವೆ ಎಂದಿದ್ದರು, ಇನ್ನೂ ಕೊಟ್ಟಿರಲಿಲ್ಲ. ನನ್ನ ತಪ್ಪಿನ ತೂಕ ಗೊತ್ತಾಗಲಿ ಎಂದು ಇದನ್ನು ಹೇಳುತ್ತಿದ್ದೇನೆ.

ಅಲ್ಲಿಯ ಟವರನ್ನು ಉರುಳಿಸುವುದೆಂದು ತೀರ್ಮಾನವಾಗಿತ್ತು. ನಾಲ್ಕು ದಿಕ್ಕಿಗೆ ನಾಲ್ಕು ಕಟ್ಟೆ, ನಾಲ್ಕು ಸಾಲು ತಂತಿ. ಉತ್ತರಕ್ಕೆ ಉದ್ದನೆಯ ಹುಲ್ಲುಗಾವಲು, ಟವರ್ ಮಲಗಿದರೂ ಇನ್ನೂ ಜಾಗ ಉಳಿಯುತ್ತಿತ್ತು. ದಕ್ಷಿಣಕ್ಕೆ ಅಷ್ಟು ಜಾಗವಿಲ್ಲ, ಅಲ್ಲೊಂದು ಬೀದಿಯ ಮನೆಗಳಿದ್ದವು. ಲೆಕ್ಕ ಸುಲಭ: ದಕ್ಷಿಣದ ಕಟ್ಟೆಯ ತಂತಿಗಳನ್ನು ಕತ್ತರಿಸಿದರೆ ಉತ್ತರದ ತಂತಿಗಳು ಎಳೆದುಕೊಂಡು ಟವರ್ ಉತ್ತರಕ್ಕೆ ಮಲಗುತ್ತದೆ. ಕಟ್ಟೆಗಳ ಮೇಲೆ ದಿಕ್ಕಿನ ಅಕ್ಷರವನ್ನು ಕೆಂಪು ಬಣ್ಣದಲ್ಲಿ ಬರೆಯುವುದು ನನ್ನ ಪಾಲಿನ ಕೆಲಸ. ಉತ್ತರಕ್ಕೆ ಎನ್, ದಕ್ಷಿಣಕ್ಕೆ ಎಸ್. ಕತ್ತರಿಸುವವರು ಆ ಅಕ್ಷರ ನೋಡಿಯೇ ಕತ್ತರಿಸುತ್ತಾರೆ.

ಸರ್ವೆಯವರ ಗೂಟಗಳನ್ನು ಯಾರೋ ಕಿತ್ತಿದ್ದರು. ಆಗ ಫೋನಿನಲ್ಲಿ ನಕ್ಷೆ ಬರುತ್ತಿರಲಿಲ್ಲ. ಅಷ್ಟೊಂದು ಉಕ್ಕಿನ ಹತ್ತಿರ ದಿಕ್ಸೂಚಿಯನ್ನು ನಂಬಬಾರದೆಂದು ನನಗೆ ಗೊತ್ತಿತ್ತು, ಗೊತ್ತಿದೆ ಎಂದು ಒಳಗೊಳಗೇ ಹೆಮ್ಮೆಯೂ ಇತ್ತು. ಟವರಿನ ಬುಡದಲ್ಲಿ ನಿಂತರೆ ಎರಡೂ ಕಡೆ ಒಂದೇ ಥರ ಕಾಣುತ್ತಿತ್ತು: ಹುಲ್ಲು, ನೀಲಗಿರಿ ಜಾತಿಯ ಗಮ್ ಮರಗಳ ಸಾಲು, ಮರದ ಹಿಂದೆ ಅಲ್ಲೊಂದು ಇಲ್ಲೊಂದು ಚಾವಣಿ. ಆಗ ಸರಿಯಾಗಿ ಮಧ್ಯಾಹ್ನ ಹನ್ನೆರಡು. ಜುಲೈ ತಿಂಗಳು, ಇಲ್ಲಿ ಚಳಿಗಾಲ, ಹಿತವಾದ ಬಿಸಿಲು. ಹುಬ್ಬಳ್ಳಿಯಲ್ಲಿ ರಸ್ತೆ ಕೆಲಸದಲ್ಲಿದ್ದಾಗ ನಮ್ಮ ಹಿರಿಯ ಓವರ್‌ಸಿಯರ್ ಒಬ್ಬರು ಕೋಲು ನೆಟ್ಟು ದಿಕ್ಕು ತೋರಿಸುತ್ತಿದ್ದರು. ಚಳಿಗಾಲದ ನಡುಮಧ್ಯಾಹ್ನ ನೆರಳು ಹೋಗುವುದು ಉತ್ತರಕ್ಕೆ. ನಾನೂ ಕೋಲು ನೆಟ್ಟೆ. ನೆರಳು ನೀಟಾಗಿ ಒಂದು ಕಟ್ಟೆಯ ಕಡೆ ಬಿತ್ತು. ಹೋಗಿ ಅದರ ಮೇಲೆ ಎನ್ ಎಂದು ಬರೆದೆ, ಎದುರಿನದಕ್ಕೆ ಎಸ್.

ಓದುವ ನಿಮಗೆ ಈಗಾಗಲೇ ನಗು ಬಂದಿರಬಹುದು. ಈ ದೇಶ ಭೂಮಧ್ಯರೇಖೆಯ ಕೆಳಗಿದೆ, ಇಲ್ಲಿ ಮಧ್ಯಾಹ್ನದ ಸೂರ್ಯ ಇರುವುದು ಉತ್ತರದಲ್ಲಿ, ನೆರಳು ಬೀಳುವುದು ದಕ್ಷಿಣಕ್ಕೆ. ಶಾಲೆಯಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ. ಒಂದು ವರ್ಷ ಇಲ್ಲಿಯ ಬಿಸಿಲಲ್ಲೇ ಓಡಾಡಿದ್ದೆ. ಡಿಸೆಂಬರ್‌ನಲ್ಲಿ ಬೇಸಿಗೆ ಎಂದು ಊರಿಗೆ ಫೋನ್ ಮಾಡಿ ಬೀಗಿದ್ದೆ. ಆದರೂ ಕೈ ಕೋಲು ನೆಡುವಾಗ ತಲೆ ಹುಬ್ಬಳ್ಳಿಯಲ್ಲೇ ಇತ್ತು. ಇಲ್ಲಿ ಹುಟ್ಟಿದವನು ಈ ತಪ್ಪನ್ನು ಮಾಡಲಾರ. ನಮ್ಮಂಥವರೇ ಮಾಡಬೇಕು.

ಎರಡು ದಿನ ಕಳೆಯಿತು. ಉರುಳಿಸುವ ಹಿಂದಿನ ದಿನ ಬೆಳಗ್ಗೆ ಕೆಲಸದವರು ಎಸ್ ಎಂದು ಬರೆದ ಕಟ್ಟೆಯ ತಂತಿಗಳನ್ನು ಜಾರದಂತೆ ಹಿಡಿದಿದ್ದ ಹೆಚ್ಚುವರಿ ಕ್ಲಾಂಪ್‌ಗಳನ್ನು ಬಿಚ್ಚಿ, ಮಾರನೆಯ ದಿನ ಒಂದೇ ಏಟಿಗೆ ಕತ್ತರಿಸುವ ಹಾಗೆ ಸಿದ್ಧ ಮಾಡಿದರು. ಮಧ್ಯಾಹ್ನ ನಾನು ಆಫೀಸಿನವರು ಕೊಟ್ಟ ಪಟ್ಟಿ ಹಿಡಿದು ದಕ್ಷಿಣದ ಬೀದಿಯ ಮನೆಮನೆಗೆ ಹೋದೆ. ಟವರ್ ಉತ್ತರಕ್ಕೆ ಬೀಳುತ್ತದೆ, ಆದರೂ ಮುನ್ನೆಚ್ಚರಿಕೆಗೆ ಬೆಳಗ್ಗೆ ಏಳರಿಂದ ಹನ್ನೊಂದರವರೆಗೆ ಮನೆ ಬಿಟ್ಟು ಶಾಲೆಯ ಹಾಲ್‌ಗೆ ಬನ್ನಿ, ಅಲ್ಲಿ ಟೀ ವ್ಯವಸ್ಥೆ ಇದೆ ಎಂದು ಹೇಳಿ, ಒಪ್ಪಿಗೆಯ ಹಾಳೆಗೆ ಸೈನ್ ಹಾಕಿಸಿಕೊಳ್ಳಬೇಕಿತ್ತು.

ಕೊನೆಯ ಮನೆ ಸಾಲ್ವು ಎನ್ನುವವರದು. ಮಾಲ್ಟಾ ದೇಶದಿಂದ ಎಳೆಯ ವಯಸ್ಸಿನಲ್ಲಿ ಬಂದವರು, ಎಂಬತ್ತರ ಹತ್ತಿರ, ಒಬ್ಬರೇ ಇದ್ದರು. ರೇಸಿನ ಪಾರಿವಾಳ ಸಾಕುತ್ತಿದ್ದರು. ಹಿತ್ತಲಿನಲ್ಲಿ ಒಂದು ಕೋಣೆಯಷ್ಟು ದೊಡ್ಡ ಗೂಡು. ಟವರ್ ಹೋಗುವುದೆಂದರೆ ಅವರಿಗೆ ಹಬ್ಬ. ಅದರ ತಂತಿಗೆ ಬಡಿದು ಎಷ್ಟು ಹಕ್ಕಿ ಸತ್ತಿವೆ ಎಂದು ಒಂದೊಂದರ ಬಣ್ಣ ಸಮೇತ ಹೇಳಿದರು. ಹಾಳೆಗೆ ಸೈನ್ ಹಾಕಿ, ಕನ್ನಡಕ ಮೇಲೇರಿಸಿ ಇನ್ನೊಮ್ಮೆ ಓದಿ, ಬೇಲಿಯಾಚೆ ಕಾಣುತ್ತಿದ್ದ ಕಟ್ಟೆಯ ಕಡೆ ಕೈ ತೋರಿಸಿದರು.

"ಉತ್ತರಕ್ಕೆ ಬೀಳುತ್ತೆ ಅಂತ ಇದರಲ್ಲಿದೆ. ಮತ್ತೆ ನನ್ನ ಬೇಲಿ ಹತ್ತಿರದ ಕಟ್ಟೆ ಮೇಲೆ ಎನ್ ಅಂತ ಯಾಕೆ ಬರೆದಿದ್ದೀರಿ?"

ಅದೇ ಉತ್ತರ, ನಾನೇ ಮಧ್ಯಾಹ್ನದ ನೆರಳು ನೋಡಿ ಬರೆದದ್ದು ಎಂದೆ. ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ತೋಳು ಹಿಡಿದು ಗೂಡಿನ ಮುಂದೆ ಕರೆದುಕೊಂಡು ಹೋದರು. ಗೂಡಿನ ಬಾಯಿ ಟವರಿನ ಕಡೆಗಿತ್ತು, ಬಿಸಿಲು ಒಳಗಿನ ಹಿಂಗೋಡೆಯವರೆಗೂ ಬಿದ್ದಿತ್ತು.

"ಚಳಿಗಾಲದಲ್ಲಿ ಹಕ್ಕಿಗೆ ಬಿಸಿಲು ಬೇಕು, ಅದಕ್ಕೇ ಇದರ ಮುಖ ಉತ್ತರಕ್ಕೆ ಇಟ್ಟಿದ್ದೇನೆ. ಈ ದೇಶದಲ್ಲಿ ಬಿಸಿಲು ಉತ್ತರದಿಂದ ಬರುತ್ತೆ ಮಗಾ. ನಾನು ಬಂದಾಗ ನನಗೂ ಗೊತ್ತಿರಲಿಲ್ಲ."

ಹೌದಲ್ಲ, ಸರಿಮಾಡುತ್ತೇನೆ ಎಂದೇನೋ ತೊದಲಿ ಹೊರಗೆ ಬಂದೆ. ಅಕ್ಷರ ಅದಲುಬದಲಾಗಿದೆ ಎಂದಷ್ಟೇ ಅವರಿಗೆ ಗೊತ್ತಾಯಿತು. ಅದರ ಅರ್ಥವೇನೆಂದು ನನಗೊಬ್ಬನಿಗೇ ಗೊತ್ತಿತ್ತು. ಮಾರನೆಯ ಬೆಳಗ್ಗೆ ಎಸ್ ಎಂದು ಬರೆದಲ್ಲಿ ಕತ್ತರಿಸಿದ್ದರೆ ಟವರ್ ಬರುತ್ತಿದ್ದದ್ದು ಈ ಮನೆಯ ಮೇಲೆ.

ಆಮೇಲೆ ಮಾಡಿದ್ದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಕೆಲಸದವರು ಮೂರು ಗಂಟೆಗೇ ಮನೆಗೆ ಹೋಗಿದ್ದರು. ಕಾರಿನಲ್ಲಿ ಬಣ್ಣದ ಡಬ್ಬಿ ಇತ್ತು, ಥಿನ್ನರ್ ಇತ್ತು. ಸುತ್ತ ಒಂದು ನರಪಿಳ್ಳೆಯೂ ಇಲ್ಲ. ಬೇಲಿಯ ಹತ್ತಿರದ ಕಟ್ಟೆಯ ಎನ್ ಉಜ್ಜಿ ತೆಗೆದು ಎಸ್ ಬರೆದೆ. ಹುಲ್ಲು ದಾಟಿ ಆಚೆ ಹೋಗಿ ಅಲ್ಲಿಯ ಎಸ್ ಉಜ್ಜಿ ಎನ್ ಬರೆದೆ. ಸುಮಿತ್ರಾಳ ಹೊಟ್ಟೆ, ಪಿಆರ್ ಕಾಗದ, ಊರಿಗೆ ವಾಪಸು ಹೋಗಿ ಏನೆಂದು ಹೇಳುವುದು, ಇವೇ ತಲೆಯಲ್ಲಿ. ಬರೆದು ಮುಗಿಸಿ ಬೆನ್ನು ನೆಟ್ಟಗೆ ಮಾಡಿದಾಗ ಕಟ್ಟೆಯ ಪಕ್ಕದಲ್ಲಿ ಬಕೆಟ್ ಕಂಡಿತು. ಅದರ ತುಂಬ ಬೆಳಗ್ಗೆ ಬಿಚ್ಚಿದ ಕ್ಲಾಂಪ್‌ಗಳು. ಟವರನ್ನು ಹುಲ್ಲಿನ ಕಡೆ ಎಳೆಯಬೇಕಾದ ತಂತಿಗಳನ್ನೇ ನಾವು ಸಡಿಲ ಮಾಡಿಟ್ಟಿದ್ದೆವು. ಅಕ್ಷರ ತಿದ್ದಿದರೆ ಅದು ಬಿಗಿಯಾಗುತ್ತದೆಯೇ? ನಾಳೆ ಎಳೆಯುವ ಹೊತ್ತಿಗೆ ತಂತಿ ಜಾರಿದರೆ ಟವರ್ ಯಾವ ಕಡೆಗೂ ಹೋಗಬಹುದಿತ್ತು. ಬಕೆಟ್ ಪಕ್ಕದಲ್ಲೇ ಹುಲ್ಲಿನ ಮೇಲೆ ಕೂತು ನೆವಿಲ್‌ಗೆ ಫೋನ್ ಮಾಡಿದೆ.

ಒಂದು ತಾಸಿನಲ್ಲಿ ಬಂದರು. ಎಲ್ಲ ಕೇಳಿಸಿಕೊಂಡರು. ನಿನ್ನ ಗುರುತುಗಳನ್ನು ಬಂದು ನೋಡದೆ ಕಾಗದಕ್ಕೆ ಸೈನ್ ಹಾಕಿದ್ದೇನೆ, ಅದು ನನ್ನ ತಪ್ಪು ಎಂದರು ಮೊದಲು. ಆಮೇಲೆ ಕಟ್ಟೆಯ ಮೇಲೆ ಬೆರಳಿಟ್ಟರು. ಬೆರಳಿಗೆ ಹಸಿ ಬಣ್ಣ ಹತ್ತಿತು.

"ಇದನ್ನು ಯಾವಾಗ ಬರೆದೆ?"

"ಈಗ. ನಿಮಗೆ ಫೋನ್ ಮಾಡೋ ಮೊದಲು, ಸರ್."

ಅವರು ಬೆರಳನ್ನು ಕರವಸ್ತ್ರಕ್ಕೆ ಒರೆಸಿಕೊಂಡರು. "ಮೊದಲು ಹೇಗಿತ್ತೋ ಹಾಗೇ ಬರೆ. ಎರಡೂ ಕಡೆ. ನಾಳೆ ಎಲ್ಲರೂ ತಪ್ಪನ್ನು ತಪ್ಪಾಗೇ ನೋಡಬೇಕು."

ಗೊತ್ತಿದ್ದೂ ಗೊತ್ತಿದ್ದೂ ತಪ್ಪು ಅಕ್ಷರಗಳನ್ನು ಮತ್ತೆ ಬರೆದೆ. ನನ್ನ ಇಡೀ ಕೆಲಸದ ಬದುಕಿನಲ್ಲಿ ಅಷ್ಟು ಭಾರವಾದ ಕೆಲಸ ಇನ್ನೊಂದಿಲ್ಲ. ಅವರು ಹೋಗದೆ ಪಕ್ಕದಲ್ಲೇ ನಿಂತಿದ್ದರು. ಬರೆದಾದ ಮೇಲೆ ಇಬ್ಬರು ಕೆಲಸದವರನ್ನು ವಾಪಸು ಕರೆಸಿ ಕ್ಲಾಂಪ್‌ಗಳನ್ನು ಹಾಕಿಸಿಯೇ ಮನೆಗೆ ಹೋದದ್ದು.

ಸುಮಿತ್ರಾ ಬಾಗಿಲಲ್ಲೇ ಕೇಳಿದಳು: "ಯಾಕ್ರೀ, ಮಾರಿ ಯಾಕ ಹಿಂಗಾಗೇತಿ?" ಎಲ್ಲ ಹೇಳಿದೆ. ಯಾರಿಗೂ ಗೊತ್ತಿರಲಿಲ್ಲವಲ್ಲ, ಯಾಕೆ ಹೇಳಿದಿರಿ ಎಂದು ಕೇಳಿದಳು. ಕ್ಲಾಂಪ್‌ಗಳ ವಿಷಯ ಹೇಳಿದೆ. ತಟ್ಟೆ ಹಾಕಿ ಅನ್ನ ಬಡಿಸಿದಳು. ಊಟದ ನಡುವೆ, "ಹೇಳಿದ್ದು ಛಲೋ ಆತು ಬಿಡ್ರಿ. ಇಲ್ಲಂದ್ರ ನಿಮಗ ನಿದ್ದಿ ಬರ್ತಿದ್ದಿಲ್ಲ, ನೀವು ನನಗೂ ಮಲಗಾಕ ಬಿಡ್ತಿದ್ದಿಲ್ಲ" ಎಂದಳು. ಆಮೇಲೆ ಒಳಗೆ ಹೋಗಿ ಸ್ವಲ್ಪ ಅತ್ತಳು. ನನಗೆ ಕೇಳಿಸಿತು.

ಬೆಳಗ್ಗೆ ನೆವಿಲ್ ಕೆಲಸ ನಿಲ್ಲಿಸಿ, ಎಲ್ಲರನ್ನೂ ಆ ಕಟ್ಟೆಯ ಮುಂದೆ ನಿಲ್ಲಿಸಿದರು. ನಾನು ಕೋಲು ನೆಟ್ಟದ್ದು, ನೆರಳು, ಹುಬ್ಬಳ್ಳಿ ಎಲ್ಲವನ್ನೂ ಹೇಳಿದೆ. ಒಬ್ಬ ಕಿಸಕ್ಕೆಂದ. ಬಣ್ಣ ಅಳಿಸಿದ್ದನ್ನು ಮಾತ್ರ ಬಿಟ್ಟೆ. ನೆವಿಲ್ ಅಷ್ಟಕ್ಕೇ ಬಿಡುವ ಆಸಾಮಿಯಲ್ಲ, ಇಷ್ಟೇನಾ ಎಂದು ಕೇಳಿದರು. ಅದನ್ನೂ ಹೇಳಿದೆ. ಆಗ ಯಾರೂ ನಗಲಿಲ್ಲ. ಕತ್ತರಿಸುವ ತಂಡದ ಹಿರಿಯ ನೆಲ ನೋಡುತ್ತ, ಸಡಿಲ ತಂತಿಯ ಹತ್ತಿರ ನಿಲ್ಲುವವನು ನಾನಿದ್ದೆ ಎಂದ.

ನಮ್ಮ ವಿಧಾನ ಬದಲಾದದ್ದು ಆವತ್ತೇ. ಇನ್ನು ಮೇಲೆ ಕಟ್ಟೆಗೆ ದಿಕ್ಕಿನ ಅಕ್ಷರ ಬೇಡ, ಅಲ್ಲಿ ನಿಂತರೆ ಏನು ಕಾಣುತ್ತದೋ ಅದರ ಹೆಸರು ಬರೆಯಬೇಕು ಎಂದರು ನೆವಿಲ್. ಆ ಟವರಿನ ನಾಲ್ಕು ಕಟ್ಟೆಗೆ ಪಾರಿವಾಳ, ಹುಲ್ಲು, ರಸ್ತೆ, ಹಳ್ಳ ಎಂದು ಹೆಸರಾಯಿತು. ಪಾರಿವಾಳದ ಕಡೆ ಕತ್ತರಿಸು, ಹುಲ್ಲಿನ ಕಡೆ ಬೀಳಿಸು ಎಂದರೆ ಯಾವ ದೇಶದಿಂದ ಬಂದವನಿಗೂ ಗೊಂದಲವಾಗುವುದಿಲ್ಲ. ಈಗ ಡ್ರೋನ್ ಇದೆ, ಉಪಗ್ರಹದ ನಕ್ಷೆ ಇದೆ, ಕಂಪ್ಯೂಟರಿನಲ್ಲಿ ಟವರನ್ನು ನೂರು ಸಲ ಉರುಳಿಸಿ ನೋಡಬಹುದು. ಆದರೂ ನಿವೃತ್ತನಾಗುವ ದಿನದವರೆಗೂ ನಾನು ಕಟ್ಟೆಗಳಿಗೆ ಹಾಗೆಯೇ ಹೆಸರಿಟ್ಟೆ. ನೀವೂ ಇಡಿ.

ಆಫೀಸಿನಿಂದ ನನಗೆ ಕಾಗದ ಬಂತು: ಒಂದು ವರ್ಷ ಯಾವ ನಕ್ಷೆಗೂ ಸೈನ್ ಹಾಕುವಂತಿಲ್ಲ, ಪಿಆರ್ ವಿಷಯ ಆಮೇಲೆ ನೋಡೋಣ. ಕೆಲಸದಿಂದ ತೆಗೆಯಬೇಕೆಂದೇ ಮೇಲಿನವರು ಹೇಳಿದ್ದರಂತೆ. ನೆವಿಲ್ ಅಡ್ಡ ನಿಂತರು ಎಂದು ಬಹಳ ವರ್ಷದ ಮೇಲೆ ಬೇರೆಯವರಿಂದ ಗೊತ್ತಾಯಿತು. ಪಿಆರ್ ಬರುವ ಹೊತ್ತಿಗೆ ಮಗಳು ನಡೆಯುತ್ತಿದ್ದಳು. ಬೀದಿಯವರಿಗೆ ಮಾತ್ರ ಆಫೀಸಿನವರು ತಾಂತ್ರಿಕ ಕಾರಣದಿಂದ ಒಂದು ವಾರ ತಡ ಎಂದು ಚೀಟಿ ಹಂಚಿದರು. ಅದಕ್ಕಿಂತ ಹೆಚ್ಚು ಯಾರೂ ಏನೂ ಹೇಳಕೂಡದು, ಹೇಳಿದರೆ ಕೆಲಸ ಹೋಗುತ್ತದೆ ಎಂದು ನನಗೆ ಬೇರೆಯಾಗಿ ತಾಕೀತು ಮಾಡಿದರು.

ವಾರದ ನಂತರ ಮತ್ತೆ ಹಾಳೆ, ಮತ್ತೆ ಸೈನ್. ಬೆಳಗ್ಗೆ ಶಾಲೆಯ ಹಾಲ್‌ನ ಬಾಗಿಲಲ್ಲಿ ನಿಂತು ಹೆಸರಿಗೆ ಗುರುತು ಹಾಕುವ ಕೆಲಸ ನನಗೆ ಬಂತು. ಸಾಲ್ವು ಕಾಣಲಿಲ್ಲ. ಮಗಳ ಮನೆಗೆ ಹೋಗುತ್ತೇನೆ ಎಂದಿದ್ದರು, ಸೈನೂ ಇತ್ತು, ಗುರುತು ಹಾಕಿದೆ. ಎಲ್ಲ ಮನೆ ಖಾಲಿ ಎಂದು ವಾಕಿಟಾಕಿಯಲ್ಲಿ ನೆವಿಲ್‌ಗೆ ತಿಳಿಸಿದೆ. ಪಾರಿವಾಳದ ಕಡೆಯ ತಂತಿಗಳನ್ನು ಕತ್ತರಿಸಿದರು. ಟವರ್ ಒಂದು ಕ್ಷಣ ಏನೂ ಆಗಿಲ್ಲವೆಂಬಂತೆ ನಿಂತು, ಮಧ್ಯದಲ್ಲಿ ಬಳುಕಿ, ಹುಲ್ಲಿನ ಮೇಲೆ ಉದ್ದಕ್ಕೆ ಮಲಗಿತು. ಧೂಳು ಎದ್ದು ಕೂತಿತು. ಒಂದು ಹೆಂಚೂ ಅಲುಗಲಿಲ್ಲ. ನನಗೆ ಖುಷಿಗಿಂತ ಸುಸ್ತಾಯಿತು.

ಸಂಜೆಯ ಹೊತ್ತಿಗೆ ಸಾಲ್ವು ಅವರ ಮನೆಗೆ ಹೋದೆ. ಹಿತ್ತಲಲ್ಲಿ ಹಕ್ಕಿಗಳಿಗೆ ಕಾಳು ಹಾಕುತ್ತಿದ್ದರು. ಅಂತೂ ನಿನಗೆ ಉತ್ತರ ಸಿಕ್ಕಿತಲ್ಲ ಎಂದು ರೇಗಿಸಿದರು. ಆ ಮನುಷ್ಯನ ಎದುರು ತಾಂತ್ರಿಕ ಕಾರಣ ಎನ್ನಲು ನನ್ನಿಂದಾಗಲಿಲ್ಲ. ಆಫೀಸಿನ ತಾಕೀತು ನೆನಪಿತ್ತು, ಕೆಲಸ ಹೋದರೆ ಹೋಗಲಿ ಎಂದುಕೊಂಡೆ.

"ಅವತ್ತು ನೀವು ಹೇಳದೇ ಇದ್ದಿದ್ರೆ ಅದು ನಿಮ್ಮ ಮನೆ ಮೇಲೆ ಬೀಳ್ತಿತ್ತು. ನಾನೇ ಬೀಳಿಸ್ತಿದ್ದೆ."

ಅವರು ಕಾಳಿನ ಬಟ್ಟಲು ಕೆಳಗಿಟ್ಟರು. ಮನೆಯ ಕಡೆ ನೋಡಿದರು, ಗೂಡಿನ ಕಡೆ ನೋಡಿದರು. ನಾನು ಕ್ಷಮೆ ಕೇಳಿದೆ. ಹೇಗೂ ಮನೆ ಖಾಲಿಯಿರುತ್ತಿತ್ತು, ನಿಮಗಂತೂ ಏನೂ ಆಗುತ್ತಿರಲಿಲ್ಲ ಎಂದೂ ಸೇರಿಸಿದೆ.

"ನೀನು ನಿಜ ಹೇಳಿದೆ, ನಾನೂ ಹೇಳ್ತೀನಿ. ಅವತ್ತು ಹಕ್ಕಿಗಳು ಮೊಟ್ಟೆಗೆ ಕೂತಿದ್ದವು. ಆ ಸದ್ದಿಗೆ ಬೆದರಿ ಬಿಟ್ಟೆದ್ದರೆ ಮೊಟ್ಟೆ ತಣ್ಣಗಾಗುತ್ತೆ. ಪಕ್ಕದಲ್ಲಿ ನಾನಿದ್ದರೆ ಏಳಲ್ಲ. ಸೈನ್ ಹಾಕಿದ್ದೆ, ಆದರೆ ಹೋಗ್ತಿರಲಿಲ್ಲ."

ಮತ್ತೆ ಇವತ್ತು ಎಂದು ಕೇಳಿದೆ.

"ಇವತ್ತು ಮರಿ ಇವೆ," ಎಂದು ಗೂಡಿನ ಬಾಗಿಲು ತೆರೆದರು. ಒಳಗೆ ನೆಲದ ಮೇಲೆ ಬೋರಲು ಹಾಕಿದ ಹಣ್ಣಿನ ಪೆಟ್ಟಿಗೆ, ಅದರ ಮೇಲೆ ಮಡಿಸಿದ ಕಂಬಳಿ, ಪಕ್ಕದಲ್ಲಿ ಅರ್ಧ ಕುಡಿದಿಟ್ಟ ಟೀ ಕಪ್ಪು.

ನಾನು ಹೋಗಿ ಆ ಪೆಟ್ಟಿಗೆಯ ಮೇಲೆ ಕೂತೆ. ಸಾಲ್ವು ಮನೆಯೊಳಗಿಂದ ಒಂದು ಲೋಟ ನೀರು ತಂದುಕೊಟ್ಟರು. ನೀರು ಕುಡಿದು, ಜೇಬಿನಿಂದ ಫೋನ್ ತೆಗೆದೆ. ಯಾರಿಗೆ ಎಂದು ಕೇಳಿದರು. ಮೇಲಿನವರಿಗೆ, ಈ ಮನೆ ಖಾಲಿ ಇದೆ ಅಂತ ಬೆಳಗ್ಗೆ ನಾನು ಬಂದು ನೋಡದೆ ಸುಳ್ಳು ಹೇಳಿದ್ದೆ ಎಂದು ಹೇಳಿ, ನೆವಿಲ್‌ರ ನಂಬರ್ ಒತ್ತಿದೆ.